ಆರಡಿ ಪುಸ್ತಕದ ಕಪಾಟು: ಭಾರ ನೆಲಕ್ಕೆ, ಹಿಡಿತ ಗೋಡೆಗೆ

ನೆಲದ ಮೇಲೆ ನಿಲ್ಲುವ ಮರದ ಕಪಾಟಿಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಪುಸ್ತಕಗಳ ಭಾರವನ್ನು ಪಕ್ಕದ ಹಲಗೆಗಳ ಮೂಲಕ ನೆಲಕ್ಕೆ ಇಳಿಸುವುದು ಒಂದು, ಮುಂದಕ್ಕೆ ಮುಗ್ಗರಿಸದಂತೆ ನಿಲ್ಲುವುದು ಇನ್ನೊಂದು. ಮೊದಲನೆಯದನ್ನು ಮರ ಮಾಡುತ್ತದೆ. ಎರಡನೆಯದಕ್ಕೆ ಗೋಡೆಯ ಸಹಾಯ ಬೇಕೇ ಬೇಕು. ಇವೆರಡನ್ನೂ ಬೆರೆಸಿಕೊಂಡಾಗ ತಪ್ಪು ಶುರುವಾಗುತ್ತದೆ. ಗೋಡೆಗೆ ಮೊಳೆ ಹೊಡೆದಿದ್ದೇವಲ್ಲ ಎಂದು ತೆಳು ಹಲಗೆ ಹಾಕುವವರಿದ್ದಾರೆ. ಕಪಾಟು ಭಾರವಾಗಿದೆ, ಬೀಳುವುದಿಲ್ಲ ಎಂದು ಗೋಡೆಗೆ ಕಟ್ಟದೇ ಬಿಡುವವರು ಅದಕ್ಕಿಂತ ಹೆಚ್ಚು.

ಭಾರವಿದ್ದರೆ ಬೀಳುವುದಿಲ್ಲ ಎನ್ನುವುದು ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡಬಹುದು. ಇಲ್ಲಿ ಹೇಳುವ ಕಪಾಟಿನ ಎತ್ತರ 1800 ಮಿ.ಮೀ., ಆಳ ಸುಮಾರು 290 ಮಿ.ಮೀ., ಖಾಲಿ ತೂಕ ಹೆಚ್ಚುಕಡಿಮೆ 35 ಕೆ.ಜಿ. ಅದರ ತುದಿಯನ್ನು ಹಿಡಿದು ಮುಂದಕ್ಕೆ ಎಳೆದರೆ ಉರುಳಲು ಬೇಕಾದ ಬಲ 35ನ್ನು 145ರಿಂದ (ಆಳದ ಅರ್ಧ) ಗುಣಿಸಿ 1800ರಿಂದ ಭಾಗಿಸಿದಷ್ಟು, ಅಂದರೆ 3 ಕೆ.ಜಿ.ಗೂ ಕಡಿಮೆ. ನೂರು ಕೆ.ಜಿ. ಪುಸ್ತಕ ತುಂಬಿದ ಮೇಲೂ ಅದು ಸುಮಾರು 11 ಕೆ.ಜಿ. ಮಾತ್ರ. ಮೇಲಿನ ಖಾನೆಯ ಆಟಿಕೆಗಾಗಿ ನಾಲ್ಕು ವರ್ಷದ ಮಗು ಕೆಳಗಿನ ಹಲಗೆ ಹತ್ತಿ ಹಿಂದಕ್ಕೆ ವಾಲಿದರೆ ಕಪಾಟು ಉರುಳುವಷ್ಟು ಬಲ ಬೀಳಬಹುದು. ಮನೆಯಲ್ಲಿ ಮಕ್ಕಳಿರಲಿ ಬಿಡಲಿ, ಗೋಡೆಗೆ ಎರಡು ಬ್ರಾಕೆಟ್ ಹಾಕದೆ ಈ ಕೆಲಸ ಮುಗಿಯಿತೆಂದು ಎಣಿಸಬಾರದು.

ಹಲಗೆಯ ಆಯ್ಕೆ

ಸಾಗುವಾನಿ, ಹೊನ್ನೆ, ಹಲಸಿನ ಹಲಗೆ ಕೈಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹನ್ನೊಂದು ಅಂಗುಲ ಅಗಲದ ಒಣಗಿದ ಹಲಗೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಸರಿಯಾಗಿ ಒಣಗದ ಮರದಲ್ಲಿ ಮಾಡಿದ ಕಪಾಟು ಮೊದಲ ಬೇಸಿಗೆಯಲ್ಲೇ ಸೊಟ್ಟಗಾಗುತ್ತದೆ. ಹಾಗಾಗಿ ಇಲ್ಲಿನ ಅಳತೆಗಳೆಲ್ಲ 18 ಮಿ.ಮೀ. ಪ್ಲೈವುಡ್‌ಗೆ.

ಪ್ಲೈ ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಇರುವ ಸಂಖ್ಯೆಯನ್ನೂ ಓದಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈ. ಅದರಲ್ಲಿ ಎಂಆರ್ (ತೇವ ತಾಳುವ) ಮತ್ತು ಬಿಡಬ್ಲ್ಯುಆರ್ (ಕುದಿನೀರನ್ನೂ ತಾಳುವ) ಎಂಬ ಎರಡು ದರ್ಜೆಗಳಿವೆ. ಐಎಸ್ 710 ಅಂದರೆ ನೀರಿಗೆ ಹೆಚ್ಚು ತಾಳುವ ಮರೀನ್ ಪ್ಲೈ. ಬಯಲುಸೀಮೆಯ ಒಣ ಕೋಣೆಗೆ ಬಿಡಬ್ಲ್ಯುಆರ್ ಸಾಕು. ಕರಾವಳಿ, ಮಲೆನಾಡು, ಕೊಡಗಿನ ಮನೆಗಳಲ್ಲಿ ಮಳೆಗಾಲವಿಡೀ ಗೋಡೆ ಬೆವರುತ್ತಿರುತ್ತದೆ, ಅಲ್ಲಿ 710ಕ್ಕೆ ಕೊಡುವ ಹೆಚ್ಚಿನ ಹಣ ದಂಡವಲ್ಲ. ಎಂಆರ್ ದರ್ಜೆಯನ್ನು ನೆಲಕ್ಕೆ ತಾಗುವ ಯಾವ ಸಾಮಾನಿಗೂ ಬಳಸಬೇಡಿ. ದಿನಾ ನೆಲ ಒರೆಸುವ ಮನೆಯಲ್ಲಿ ಅದರ ಕೆಳಅಂಚು ನೀರು ಕುಡಿದು ಪದರ ಬಿಡುತ್ತದೆ.

18 ಎಂದು ಮಾರುವ ಹಾಳೆ ಎಷ್ಟೋ ಸಲ 16 ಅಥವಾ 17 ಇರುತ್ತದೆ. ಅಂಗಡಿಯಲ್ಲೇ ಮೂರು ಕಡೆ ಅಳೆಯಿರಿ. ದಪ್ಪ ಕಡಿಮೆಯಿದ್ದರೆ ಬಲ ಹೋಗುವುದಷ್ಟೇ ಅಲ್ಲ, ಕೆಳಗೆ ಕೊಟ್ಟ ಗುರುತುಗಳೂ ತಪ್ಪುತ್ತವೆ. ಅಂಚಿನಲ್ಲಿ ಪದರಗಳ ನಡುವೆ ಖಾಲಿ ಜಾಗ ಕಂಡರೆ ಆ ಹಾಳೆ ಬೇಡ. ಬೆರಳಿನ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಒಳಗೆ ಪೊಳ್ಳಿದೆ ಎಂದು ತಿಳಿಯಿರಿ.

ಒಂದೇ ಹಾಳೆಯಲ್ಲಿ ಇಡೀ ಕಪಾಟು

ಎಂಟಡಿಗೆ ನಾಲ್ಕಡಿ (2440 × 1220 ಮಿ.ಮೀ.) ಹಾಳೆಯೊಂದರಲ್ಲೇ ಕೆಲಸ ಮುಗಿಯುವಂತೆ ಈ ಅಳತೆ ಹೊಂದಿಸಿದೆ. ಹಾಳೆಯನ್ನು ಉದ್ದಕ್ಕೆ 290 ಮಿ.ಮೀ. ಅಗಲದ ನಾಲ್ಕು ಪಟ್ಟಿಗಳಾಗಿ ಕೊಯ್ಯಿಸಿ. ಗರಗಸದ ಅಲಗು ತಿನ್ನುವುದು ಸುಮಾರು 4 ಮಿ.ಮೀ.ನಂತೆ ಹೋದರೆ ಕೊನೆಯಲ್ಲಿ 44 ಮಿ.ಮೀ. ಅಗಲದ ಕಿರುಪಟ್ಟಿ ಉಳಿಯುತ್ತದೆ. ಅದನ್ನು ಎಸೆಯಬೇಡಿ.

ಎರಡು ಪಟ್ಟಿಗಳಿಂದ ಒಂದೊಂದು ಪಕ್ಕದ ಹಲಗೆ: 1800 × 290, ಒಟ್ಟು 2.
ಉಳಿದ ಎರಡರಿಂದ ಮೂರು ಮೂರು ಅಡ್ಡ ಹಲಗೆ: 764 × 290, ಒಟ್ಟು 6.
ಹಿಂಬದಿಗೆ 6 ಮಿ.ಮೀ. ಪ್ಲೈ: 1800 × 800, 1. ಆರಡಿಗೆ ಮೂರಡಿ ಹಾಳೆ ಸಾಕು.
ಮೂರು ಅಂಗುಲಕ್ಕೆ ಒಂದಂಗುಲದ ಮರದ ರೀಪರ್, ಹತ್ತಡಿ ಉದ್ದದ್ದು 1: ಅದರಲ್ಲಿ 764ರ ಮೂರು ತುಂಡು.
4 × 50 ಮಿ.ಮೀ. ಸ್ಕ್ರೂ 65, ಹಿಂಬದಿಗೆ 3 × 25 ಮಿ.ಮೀ. ಸ್ಕ್ರೂ 60.
75 ಮಿ.ಮೀ. ತೋಳಿನ, ಕನಿಷ್ಠ 2 ಮಿ.ಮೀ. ದಪ್ಪದ ಎಲ್ ಬ್ರಾಕೆಟ್ 2. ಗೋಡೆಗೆ ತಾಗುವ ತೋಳಿನಲ್ಲಿ ಉದ್ದನೆಯ ತೂತು ಇರಲಿ.
ಫೆವಿಕಾಲ್‌ನಂಥ ಬಿಳಿ ಅಂಟು ಅರ್ಧ ಕೆ.ಜಿ., ಕಾಲಿಗೆ ನೈಲಾನ್ ಬುಷ್ 4.

ಬಡಗಿಗೋ ಕಟಿಂಗ್ ಅಂಗಡಿಯವರಿಗೋ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು: ಮೇಲ್ಪದರದ ಮರದ ಗೆರೆ ಹಲಗೆಯ ಉದ್ದಕ್ಕೇ ಓಡಬೇಕು. ಸಾಮಾನ್ಯವಾಗಿ ಗೆರೆ ಎಂಟಡಿಯ ದಿಕ್ಕಿನಲ್ಲಿರುತ್ತದೆ. ಹಾಳೆ ಉಳಿಸಲು ಹಲಗೆಯನ್ನು ಅಡ್ಡಡ್ಡ ಕೊಯ್ದರೆ ನೋಡಲು ವ್ಯತ್ಯಾಸ ಕಾಣುವುದಿಲ್ಲ, ಒಂದೆರಡು ವರ್ಷದಲ್ಲಿ ಅದೇ ಹಲಗೆ ಹೊಟ್ಟೆ ಬಿಟ್ಟಿರುತ್ತದೆ.

ಅಗಲ 800ಕ್ಕೇ ಏಕೆ ನಿಲ್ಲಿಸಬೇಕು? ತುಂಬಿದ ಪುಸ್ತಕದ ಸಾಲು ಒಂದು ಮೀಟರಿಗೆ 25ರಿಂದ 30 ಕೆ.ಜಿ. ತೂಗುತ್ತದೆ. ಉದ್ದಕ್ಕೂ ಹರಡಿದ ಭಾರಕ್ಕೆ ಹಲಗೆ ಎಷ್ಟು ಬಾಗುತ್ತದೆ ಎನ್ನುವುದು ಉದ್ದದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 764ರ ಹಲಗೆ 18 ಮಿ.ಮೀ. ಪ್ಲೈನಲ್ಲಿ ಸುಮಾರು ಒಂದೂವರೆ ಮಿ.ಮೀ. ಬಾಗಿದರೆ, ಅದೇ ಹಲಗೆ 1200 ಉದ್ದವಾದಾಗ ಬಾಗುವುದು ಅದರ ಆರು ಪಟ್ಟು. ವರ್ಷ ಕಳೆದಂತೆ ಇದು ಇನ್ನೂ ಹೆಚ್ಚುತ್ತದೆ. ನಾಲ್ಕಡಿ ಅಗಲದ ಕಪಾಟೇ ಬೇಕೆಂದರೆ ನಡುವೆ ಒಂದು ನಿಲುವು ಹಲಗೆ ಕೊಡಿ. ನಿಘಂಟು, ಕಾನೂನು ಪುಸ್ತಕ, ವೈದ್ಯಕೀಯ ಪುಸ್ತಕಗಳಂಥ ಭಾರದವನ್ನು ಇಡುವವರು ಆ 44 ಮಿ.ಮೀ. ಕಿರುಪಟ್ಟಿಯನ್ನು 764ರ ಮೂರು ತುಂಡು ಮಾಡಿ, ಭಾರ ಬೀಳುವ ಹಲಗೆಗಳ ಮುಂದಿನ ಅಂಚಿನ ಕೆಳಗೆ ನಿಲ್ಲಿಸಿ ಅಂಟಿಸಿದರೆ ಹಲಗೆ ಬಾಗುವುದು ಬಹಳ ಕಡಿಮೆಯಾಗುತ್ತದೆ.

ಗುರುತು ಹಾಕುವುದು

ಎರಡೂ ಪಕ್ಕದ ಹಲಗೆಗಳನ್ನು ಅಕ್ಕಪಕ್ಕ ಮಲಗಿಸಿ, ಒಳಮುಖ ಮೇಲಿರಲಿ, ಕೆಳತುದಿಗಳು ಒಂದೇ ಸಾಲಿನಲ್ಲಿರಲಿ. ಮೂಲೆಮಟ್ಟ ಹಿಡಿದು ಎರಡರ ಮೇಲೂ ಒಟ್ಟಿಗೇ ಗೆರೆ ಎಳೆಯಿರಿ. ಒಂದೊಂದನ್ನೇ ಬೇರೆಯಾಗಿ ಅಳೆದರೆ ಎರಡು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ, ಅಷ್ಟಕ್ಕೇ ಹಲಗೆ ಓರೆಯಾಗುತ್ತದೆ.

ಕೆಳತುದಿಯಿಂದ ಅಳೆದಾಗ ಪ್ರತಿ ಅಡ್ಡ ಹಲಗೆಯ ತಳ ಬರಬೇಕಾದ ಜಾಗ: 75, 473, 831, 1159, 1487, 1782 ಮಿ.ಮೀ. ಇದರಿಂದ ಕೆಳಗಿನ ಖಾನೆ 380 ಮಿ.ಮೀ. ಎತ್ತರ ಸಿಗುತ್ತದೆ, ಫೈಲುಗಳಿಗೆ, ದೊಡ್ಡ ಪುಸ್ತಕಗಳಿಗೆ. ಮೇಲಕ್ಕೆ ಹೋದಂತೆ 340, 310, 310, 277. ಸ್ಕ್ರೂ ಸಾಲು ಪ್ರತಿ ಗೆರೆಗಿಂತ 9 ಮಿ.ಮೀ. ಮೇಲೆ, ಅಂದರೆ 84, 482, 840, 1168, 1496, 1791ರಲ್ಲಿ. ಈ ಸಾಲನ್ನು ಹೊರಮುಖಕ್ಕೂ ದಾಟಿಸಿ. ಪ್ರತಿ ಸಾಲಿನಲ್ಲಿ ಮೂರು ತೂತು: ಮುಂದಿನಿಂದ 40, ನಡುವೆ 145, ಹಿಂದಿನಿಂದ 40.

ಪಾಲಿಶ್, ಪೇಂಟ್ ಅಥವಾ ಮೈಕಾ ಏನೇ ಇರಲಿ ಜೋಡಿಸುವ ಮೊದಲೇ ಒಂದು ಹಂತ ಮುಗಿಸಿಕೊಂಡರೆ ಮೂಲೆಗಳಲ್ಲಿ ಕೈ ಹೋಗದೆ ಪರದಾಡುವುದು ತಪ್ಪುತ್ತದೆ. ಅಂಟು ಬೀಳುವ ಜಾಗವನ್ನು ಮಾತ್ರ ಬರಿ ಮರವಾಗಿ ಬಿಡಿ, ಬಣ್ಣದ ಮೇಲೆ ಅಂಟು ಹಿಡಿಯುವುದಿಲ್ಲ. ಮೈಕಾ ಹಾಕಿಸುವವರು 1 ಮಿ.ಮೀ. ಮೈಕಾದ ದಪ್ಪ ಸೇರಿಸಿ ಅಳತೆ ಹೊಂದಿಸಬೇಕು. ಒಂದೇ ಬದಿಗೆ ಮೈಕಾ ಅಂಟಿಸಿದ ಹಲಗೆ ಬಿಲ್ಲಿನಂತೆ ಬಾಗುತ್ತದೆ, ಇನ್ನೊಂದು ಬದಿಗೂ ಲೈನರ್ (ಮೈಕಾದಂಥದೇ ತೆಳು ಹಾಳೆ) ಬೇಕು.

ಜೋಡಣೆ

ಪಕ್ಕದ ಹಲಗೆಯಲ್ಲಿ 4 ಮಿ.ಮೀ. ತೂತು, ಅಡ್ಡ ಹಲಗೆಯ ತುದಿಯಲ್ಲಿ 2.5 ಅಥವಾ 3 ಮಿ.ಮೀ. ತೂತು. ಈ ಸಣ್ಣ ತೂತನ್ನು ಬಿಟ್ಟು ನೇರವಾಗಿ ಸ್ಕ್ರೂ ತಿರುಗಿಸಿದರೆ ಪ್ಲೈ ಪದರಗಳ ನಡುವೆ ಬೆಣೆ ಹೊಡೆದಂತಾಗಿ ತುದಿ ಸೀಳುತ್ತದೆ. ಒಮ್ಮೆ ಸೀಳಿದ ತುದಿಯಲ್ಲಿ ಹಿಡಿತ ಮತ್ತೆ ಬರುವುದಿಲ್ಲ.

ಒಂದು ಪಕ್ಕದ ಹಲಗೆಯನ್ನು ನೆಲದ ಮೇಲೆ ಅಂಚಿನ ಮೇಲೆ ನಿಲ್ಲಿಸಿ, ಕೆಳಗಿನ ಮತ್ತು ಮೇಲಿನ ಅಡ್ಡ ಹಲಗೆಗಳನ್ನು ಮೊದಲು ಕೂರಿಸಿ, ಆಮೇಲೆ ನಡುವಿನವು. ಅಂಟು ತೆಳುವಾಗಿ ಎರಡೂ ಮುಖಕ್ಕೆ. ಮೂರು ಸ್ಕ್ರೂಗಳನ್ನೂ ಮುಕ್ಕಾಲು ಪಾಲು ಬಿಗಿದು, ಇನ್ನೊಂದು ಪಕ್ಕ ಸೇರಿಸಿದ ನಂತರವೇ ಪೂರ್ತಿ ಬಿಗಿಯಿರಿ. ಹಿಂಡಿ ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಬೇಕು, ಒಣಗಿದರೆ ಪಾಲಿಶ್ ಆ ಜಾಗದಲ್ಲಿ ಬಿಳಿಚಿಕೊಳ್ಳುತ್ತದೆ.

ರೀಪರಿನ ಮೂರು ತುಂಡುಗಳಲ್ಲಿ ಎರಡು ಕೆಳಗಿನ ಹಲಗೆಯಡಿ ಮುಂದೆ ಮತ್ತು ಹಿಂದೆ ಹೋಗುತ್ತವೆ. ಮೂರನೆಯದು ಮೇಲಿನ ಹಲಗೆಯ ಕೆಳಗೆ, ಹಿಂದಿನ ಅಂಚಿಗೆ ಸರಿಯಾಗಿ. ಇದೇ ನಾಳೆ ಬ್ರಾಕೆಟ್ ಹಿಡಿಯುವ ಮರ. ಅದರ ಎರಡು ತುದಿಗೂ ಪಕ್ಕದ ಹಲಗೆಯ ಹೊರಗಿನಿಂದ ಎರಡೆರಡು ಸ್ಕ್ರೂ, ಮೇಲಿನಿಂದ ಮೂರು, ಅಂಟು ಸಹಿತ. ರೀಪರ್ ಸಿಗದಿದ್ದರೆ ಪ್ಲೈ ತುಂಡು ಹಾಕುತ್ತಾರೆ. ಅದು ಕೆಳಗಿನ ಎರಡಕ್ಕೆ ನಡೆಯುತ್ತದೆ, ಮೇಲಿನದಕ್ಕೆ ಬೇಡ. ಪ್ಲೈನ ಅಂಚಿಗೆ ಮೇಲಿನಿಂದ ಹೊಡೆದ ಸ್ಕ್ರೂ ಪದರಗಳ ನಡುವೆ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ.

ಈಗ ಕಪಾಟನ್ನು ಮುಖ ಕೆಳಗಾಗಿ ಮಲಗಿಸಿ ಎರಡೂ ಕರ್ಣ ಅಳೆಯಿರಿ. ಹೊರಮೂಲೆಯಿಂದ ಹೊರಮೂಲೆಗೆ ಎರಡೂ 1970 ಮಿ.ಮೀ. ಆಸುಪಾಸು, ಒಂದಕ್ಕೊಂದು ಸಮ ಇರಬೇಕು. ಒಂದು ಉದ್ದವಿದ್ದರೆ ಆ ಎರಡು ಮೂಲೆಗಳನ್ನು ಹಗ್ಗ ಅಥವಾ ಕ್ಲ್ಯಾಂಪಿನಿಂದ ಒತ್ತಿ ಸಮ ಮಾಡಿ, ಹಾಗೇ ಹಿಡಿದುಕೊಂಡು ಹಿಂಬದಿಯ 6 ಮಿ.ಮೀ. ಪ್ಲೈ ಹೊಡೆಯಿರಿ. ಅಂಚುಗಳಲ್ಲಿ 150 ಮಿ.ಮೀ.ಗೊಂದು ಸ್ಕ್ರೂ, ನಡುವಿನ ಪ್ರತಿ ಹಲಗೆಗೆ ನಾಲ್ಕು. ಈ ತೆಳು ಹಾಳೆ ಧೂಳು ತಡೆಯಲು ಮಾತ್ರ ಇರುವುದಲ್ಲ. ಇದಿಲ್ಲದ ಕಪಾಟನ್ನು ಪಕ್ಕಕ್ಕೆ ತಳ್ಳಿದರೆ ಇಸ್ಪೀಟೆಲೆ ಮನೆಯಂತೆ ಓರೆಯಾಗುತ್ತದೆ, ಎಲ್ಲ ಸ್ಕ್ರೂಗಳೂ ಒಂದೊಂದಾಗಿ ಸಡಿಲವಾಗುತ್ತವೆ. ಹಣ ಉಳಿಸಲು ಹಿಂಬದಿ ಬಿಡುವುದಕ್ಕಿಂತ ಒಂದು ಖಾನೆ ಕಡಿಮೆ ಮಾಡುವುದು ಮೇಲು.

ರಾತ್ರಿಯಿಡೀ ಅಂಟು ಒಣಗಲಿ. ಪಕ್ಕದ ಹಲಗೆಗಳ ಕೆಳಅಂಚಿಗೆ ಪ್ರೈಮರ್ ಅಥವಾ ಪಾಲಿಶ್ ಎರಡು ಮೂರು ಕೈ ಹೊಡೆದು, ನಾಲ್ಕು ಮೂಲೆಗೆ ನೈಲಾನ್ ಬುಷ್ ಹಾಕಿ. ನೆಲದಿಂದ ಆ ಐದು ಮಿ.ಮೀ. ಅಂತರವೇ ಒರೆಸುವ ಬಟ್ಟೆಯ ನೀರಿನಿಂದ ಕಪಾಟನ್ನು ಕಾಪಾಡುವುದು.

ಗೋಡೆಯ ಎದುರು ನಿಲ್ಲಿಸಿದಾಗ

ಇಲ್ಲಿ ಮೊದಲ ತೊಡಕು ಸ್ಕರ್ಟಿಂಗ್. ನಮ್ಮ ಮನೆಗಳಲ್ಲಿ ನೆಲದಿಂದ ಮೂರು ನಾಲ್ಕು ಅಂಗುಲ ಎತ್ತರಕ್ಕೆ ಟೈಲ್ಸ್ ಪಟ್ಟಿ ಗೋಡೆಯಿಂದ 10-15 ಮಿ.ಮೀ. ಮುಂದೆ ಬಂದಿರುತ್ತದೆ. ಕಪಾಟಿನ ಹಿಂಭಾಗ ಅದಕ್ಕೆ ತಾಗಿ ನಿಲ್ಲುತ್ತದೆ, ಮೇಲೆ ಗೋಡೆಗೂ ಕಪಾಟಿಗೂ ಅಷ್ಟೇ ಸಂದಿ. ಕೆಲವರು ಪಕ್ಕದ ಹಲಗೆಯ ಹಿಂದಿನ ಕೆಳಮೂಲೆಯನ್ನು ಸ್ಕರ್ಟಿಂಗ್ ಆಕಾರಕ್ಕೆ ಕತ್ತರಿಸಿ ಗೋಡೆಗೆ ಒತ್ತಿ ಕೂರಿಸುತ್ತಾರೆ. ನೋಡಲು ಅದು ಚೆಂದ. ಆದರೂ ನಮ್ಮ ಸಲಹೆ ಸಂದಿಯನ್ನು ಹಾಗೇ ಬಿಡುವುದು. ಗಾಳಿಯಾಡುತ್ತದೆ, ಮಳೆಗಾಲದಲ್ಲಿ ಹಿಂಬದಿಗೆ ಬೂಷ್ಟು ಹಿಡಿಯುವುದಿಲ್ಲ, ಗೆದ್ದಲು ಮಣ್ಣಿನ ಗೆರೆ ಎಳೆದರೆ ಟಾರ್ಚ್ ಹಾಕಿದಾಗ ಕಣ್ಣಿಗೆ ಬೀಳುತ್ತದೆ.

ರಸಮಟ್ಟ ಇಟ್ಟು ನೋಡಿ. ನೀರು ಹರಿಯಲೆಂದು ಬಾಗಿಲ ಕಡೆಗೆ ಇಳಿಜಾರು ಕೊಟ್ಟ ನೆಲಗಳಿವೆ. ಗೋಡೆಯ ಕಡೆಯಿಂದ ಕೋಣೆಯ ಕಡೆಗೆ ಇಳಿಜಾರಿದ್ದರೆ ಕಪಾಟು ಆಗಲೇ ಮುಂದಕ್ಕೆ ಬಾಗಿ ನಿಂತಿರುತ್ತದೆ. ಮುಂದಿನ ಬುಷ್‌ಗಳ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಅಥವಾ ಮೈಕಾ ತುಂಡಿನ ಪ್ಯಾಕಿಂಗ್ ಕೊಟ್ಟು ಮಟ್ಟ ಮಾಡಿ. ಮೇಲಿನ ತುದಿ ಒಂದೆರಡು ಮಿ.ಮೀ. ಗೋಡೆಯ ಕಡೆಗೇ ಇದ್ದರೆ ಒಳ್ಳೆಯದು. ಮಡಿಸಿದ ರಟ್ಟು ಬೇಡ, ಒದ್ದೆಯಾಗಿ ಕುಸಿಯುತ್ತದೆ.

ಗೋಡೆ ಯಾವುದು ಎಂದು ಡ್ರಿಲ್ ಹೇಳುತ್ತದೆ

ತೂತು ಕೊರೆಯುವ ಜಾಗ ಆರಿಸುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಹೋಗಬೇಡಿ, ಗೋಡೆಯೊಳಗೆ ವೈರಿನ ಪೈಪ್ ಅಲ್ಲೇ ಇಳಿದಿರುತ್ತದೆ. ಎರಡೂ ಕಡೆ ಒಂದು ಗೇಣು ಬಿಡಿ. ಗೋಡೆಯ ಆಚೆ ಬಚ್ಚಲುಮನೆಯಿದ್ದರೆ ನಲ್ಲಿ, ಶವರ್ ಎಲ್ಲಿವೆ ಎಂದು ಹೋಗಿ ನೋಡಿ ಬನ್ನಿ. ಕೊರೆಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

8 ಮಿ.ಮೀ. ಬಿಟ್ ಹಾಕಿ ಕೊರೆಯಲು ಶುರುಮಾಡಿ, ಉದುರುವ ಪುಡಿ ನೋಡಿ. ಮೊದಲ 12-15 ಮಿ.ಮೀ. ಪ್ಲಾಸ್ಟರಿಂಗ್ ಪುಡಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ಬೂದು ಬಣ್ಣದ ಗಟ್ಟಿ ಪುಡಿ ಬಂದರೆ ಸಾಲಿಡ್ ಬ್ಲಾಕ್ ಅಥವಾ ಕಾಂಕ್ರೀಟ್. ಎರಡಕ್ಕೂ 8 × 50 ಮಿ.ಮೀ. ನೈಲಾನ್ ಪ್ಲಗ್ (ತೂತಿನೊಳಗೆ ಕೂತು ಸ್ಕ್ರೂ ಹಿಡಿಯುವ ಕೊಳವೆ), 5 × 70 ಮಿ.ಮೀ. ಸ್ಕ್ರೂ. ತೂತಿನ ಆಳ 75. ಪ್ಲಗ್ಗಿನ ಬಾಯಿ ಪ್ಲಾಸ್ಟರಿಂಗ್ ದಾಟಿ ಇಟ್ಟಿಗೆಯೊಳಗೆ ಹೋಗುವವರೆಗೆ ತಳ್ಳಬೇಕು. ಪ್ಲಗ್ ಅರ್ಧ ಪ್ಲಾಸ್ಟರಿಂಗ್‌ನಲ್ಲೇ ಉಳಿದರೆ ಬಿಗಿಯುವಾಗ ಗಟ್ಟಿಯಾಗಿಯೇ ಅನಿಸುತ್ತದೆ, ಎಳೆದ ದಿನ ಗಾರೆಯ ಬಿಲ್ಲೆಯ ಸಮೇತ ಕಿತ್ತು ಬರುತ್ತದೆ. ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಗೋಡೆಗೆ ಮನೆಯ ಸಾಮಾನ್ಯ ಡ್ರಿಲ್ ಸಾಲದು, ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ. ಒಳಗಿನ ಕಬ್ಬಿಣ ತಾಗಿದರೆ ಒತ್ತಬೇಡಿ, 30 ಮಿ.ಮೀ. ಪಕ್ಕಕ್ಕೆ ಸರಿದು ಹೊಸ ತೂತು ಮಾಡಿ.

ಹಗುರವಾದ ಬಿಳಿ ಪುಡಿ ಸರಸರನೆ ಉದುರಿದರೆ ಅದು ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ ಇಟ್ಟಿಗೆ. ಹ್ಯಾಮರ್ ಗುಂಡಿಯನ್ನು ತಕ್ಷಣ ಆಫ್ ಮಾಡಿ, ಬರೀ ತಿರುಗಿಸಿ ಕೊರೆಯಿರಿ. ಬಡಿದರೆ ತೂತು ಅಗಲವಾಗಿ ಪ್ಲಗ್ ತಿರುಗುತ್ತದೆ. ಇದಕ್ಕೆಂದೇ ಬರುವ ಎಎಸಿ ಪ್ಲಗ್ ಕೇಳಿ ತರಬೇಕು. ಬಿಟ್ ಕೊರೆಯುತ್ತಿದ್ದಂತೆ ದಿಢೀರನೆ ಒಳಗೆ ಜಾರಿದರೆ ಹಾಲೋ ಬ್ಲಾಕಿನ ಪೊಳ್ಳು ಸಿಕ್ಕಿದೆ. ಅಲ್ಲಿ ಸಾಮಾನ್ಯ ಪ್ಲಗ್ ಹಿಡಿಯುವುದಿಲ್ಲ. ಒಳಗೆ ಗಂಟು ಬೀಳುವ ಬಗೆಯ ಪ್ಲಗ್ ಬಳಸಿ, ಇಲ್ಲವೇ ಬ್ಲಾಕಿನ ಗಟ್ಟಿ ಭಾಗ ಸಿಗುವವರೆಗೆ ಪಕ್ಕಕ್ಕೆ ಸರಿಯಿರಿ.

ದಕ್ಷಿಣ ಕನ್ನಡ, ಉತ್ತರ ಕನ್ನಡದ ಜಂಬಿಟ್ಟಿಗೆ ಗೋಡೆ ಬೇರೆಯದೇ ಸ್ವಭಾವದ್ದು. ಕಲ್ಲು ಒಂದು ಕಡೆ ಗಟ್ಟಿ, ಎರಡಂಗುಲ ಪಕ್ಕದಲ್ಲಿ ಮೆದು. 10 × 80 ಮಿ.ಮೀ. ಪ್ಲಗ್, ಕಲ್ಲಿನ ನಡುಭಾಗದಲ್ಲಿ, ಸಂದುಗಳಿಂದ ದೂರ. ಹಳೆ ಮನೆಗಳಲ್ಲಿ ಸಂದುಗಳನ್ನು ಮಣ್ಣಿನಿಂದಲೇ ಕಟ್ಟಿರುತ್ತಾರೆ, ಅಲ್ಲಿ ಏನು ಹೊಡೆದರೂ ನಿಲ್ಲದು. ಪೂರ್ತಿ ಮಣ್ಣಿನ ಗೋಡೆಯಾದರೆ ಪ್ಲಗ್ಗನ್ನು ನಂಬಲೇಬೇಡಿ. ಹತ್ತಿರದ ಮರದ ಕಂಬಕ್ಕೋ ತೊಲೆಗೋ ಕಬ್ಬಿಣದ ಪಟ್ಟಿಯಿಂದ ಕಟ್ಟಿ, ಅದೂ ಇಲ್ಲದಿದ್ದರೆ ಕಪಾಟಿನ ಎತ್ತರವನ್ನು ಸೊಂಟದ ಮಟ್ಟಕ್ಕೆ ಇಳಿಸಿ.

ತೂತು ದೊಡ್ಡದಾದಾಗ ಬೆಂಕಿಕಡ್ಡಿ, ಮರದ ಚಕ್ಕೆ ತುರುಕುವ ಅಭ್ಯಾಸ ಎಲ್ಲೆಡೆ ಇದೆ. ಫೋಟೋ ತೂಗುಹಾಕಲು ನಡೆದೀತು. ಇಲ್ಲಿ ನಡೆಯದು. ಮರ ಬೇಸಿಗೆಯಲ್ಲಿ ಕುಗ್ಗಿ ಹಿಡಿತ ಬಿಡುತ್ತದೆ. ಅದೇ ತೂತನ್ನು 10 ಮಿ.ಮೀ.ಗೆ ಕೊರೆದು ದೊಡ್ಡ ಪ್ಲಗ್ಗನ್ನೂ ಅದಕ್ಕೆ ತಕ್ಕ ದಪ್ಪ ಸ್ಕ್ರೂವನ್ನೂ ಹಾಕಿ.

ಬ್ರಾಕೆಟ್ ಬಿಗಿಯುವುದು

ಎರಡೂ ಬ್ರಾಕೆಟ್ ಕಪಾಟಿನ ನೆತ್ತಿಯ ಮೇಲೆ, ಪಕ್ಕದ ಹಲಗೆಗಳಿಂದ ಒಳಗೆ 100 ಮಿ.ಮೀ. ಅಂತರದಲ್ಲಿ. ಒಂದು ತೋಳು ಮೇಲಿನ ಹಲಗೆಯ ಮೇಲೆ ಮಲಗುತ್ತದೆ, ಇನ್ನೊಂದು ಗೋಡೆಗೆ ಅಂಟಿ ಮೇಲಕ್ಕೆ ನಿಲ್ಲುತ್ತದೆ. ನೆತ್ತಿಯ ಮೇಲೆ ಹಾಕುವುದಕ್ಕೆ ಕಾರಣವಿದೆ. ಕಪಾಟು ಮುಂದಕ್ಕೆ ಎಳೆದಾಗ ಹಲಗೆಯಲ್ಲಿರುವ ಸ್ಕ್ರೂ ಕಿತ್ತು ಬರುವ ದಿಕ್ಕಿನಲ್ಲಿ ಎಳೆತ ಬೀಳುವುದಿಲ್ಲ, ಅಡ್ಡಕ್ಕೆ ಬೀಳುತ್ತದೆ. ಮರದಲ್ಲಿ ಸ್ಕ್ರೂ ಅಡ್ಡ ಎಳೆತಕ್ಕೆ ಚೆನ್ನಾಗಿ ತಾಳುತ್ತದೆ. ಹಿಂಬದಿಯ 6 ಮಿ.ಮೀ. ಪ್ಲೈಗೆ ಮಾತ್ರ ಬ್ರಾಕೆಟ್ ಹೊಡೆದವರ ಕಪಾಟು ಬಿದ್ದಾಗ ಆ ಪ್ಲೈ ಗೋಡೆಯಲ್ಲೇ ಉಳಿದಿರುತ್ತದೆ.

ಮಲಗಿದ ತೋಳಿನ ಕನಿಷ್ಠ ಒಂದು ಸ್ಕ್ರೂ ಹಲಗೆ ದಾಟಿ ಕೆಳಗಿನ ರೀಪರಿಗೆ ಕಚ್ಚಬೇಕು. ಇನ್ನೊಂದು ಬರೀ ಪ್ಲೈನಲ್ಲಿ ಬೀಳುವುದಾದರೆ ಅಲ್ಲಿ ಸ್ಕ್ರೂ ಬದಲು ವಾಷರ್ ಸಮೇತ 5 ಮಿ.ಮೀ. ಬೋಲ್ಟ್ ನಟ್ಟು ಹಾಕಿ. ಗೋಡೆಯ ಸಂದಿಗೆ ಸರಿಯಾದ ದಪ್ಪದ ಮರದ ತುಂಡೊಂದನ್ನು ಪ್ರತಿ ಬ್ರಾಕೆಟ್ ಕೆಳಗೆ ಸೇರಿಸಿ. ಅದಿಲ್ಲದೆ ಬಿಗಿದರೆ ಬ್ರಾಕೆಟ್ ಬಾಗಿ ಕಪಾಟು ಹಿಂದಕ್ಕೆ ವಾಲುತ್ತದೆ, ಮುಂದಿನ ಕಾಲು ನೆಲ ಬಿಡುತ್ತದೆ.

ಗೋಡೆಯ ಸ್ಕ್ರೂ ಉದ್ದನೆಯ ತೂತಿನ ಕೆಳತುದಿಯ ಹತ್ತಿರ ಇರಲಿ, ಮೇಲೆ ಖಾಲಿ ಜಾಗ ಉಳಿಯಲಿ. ಪುಸ್ತಕ ತುಂಬಿದ ಮೇಲೆ ಕಪಾಟು ಒಂದೆರಡು ಮಿ.ಮೀ. ಕೂರುತ್ತದೆ, ಆಗ ಬ್ರಾಕೆಟ್ ಅದರ ಜೊತೆ ಇಳಿಯಬೇಕು. ಇಳಿಯಲು ಜಾಗವಿಲ್ಲದಿದ್ದರೆ ಕಪಾಟಿನ ಭಾರವೆಲ್ಲ ಆ ಎರಡು ಪ್ಲಗ್‌ಗಳ ಮೇಲೆ ನೇತುಬೀಳುತ್ತದೆ. ಅದು ಅವುಗಳ ಕೆಲಸವಲ್ಲ.

ಪುಸ್ತಕ ಇಡುವ ಮೊದಲು ಮೇಲಿನ ಅಂಚು ಹಿಡಿದು ಎರಡು ಕೈಯಿಂದ ಜಗ್ಗಿ ನೋಡಿ. ಬ್ರಾಕೆಟ್ ಬಳಿ ಪುಡಿ ಉದುರಿದರೆ, ಸ್ಕ್ರೂ ತಲೆ ಅಲುಗಿದರೆ ಆ ಪ್ಲಗ್ ಹಿಡಿದಿಲ್ಲ. ತೆಗೆದು ಬೇರೆ ಕಡೆ ಹಾಕಿ.

ಭಾರದ ಪುಸ್ತಕ ಕೆಳಗಿನ ಎರಡು ಖಾನೆಗೆ ಹೋಗಲಿ. ಒಟ್ಟು ಭಾರದ ಕೇಂದ್ರ ನೆಲದಿಂದ 600 ಮಿ.ಮೀ. ಎತ್ತರದಲ್ಲಿದ್ದರೆ ಕಪಾಟು ಸುಮಾರು 14 ಡಿಗ್ರಿ ಬಾಗುವವರೆಗೆ ತಾನೇ ಹಿಂದಕ್ಕೆ ಬರುತ್ತದೆ, 1200ಕ್ಕೆ ಏರಿದರೆ 7 ಡಿಗ್ರಿಗೇ ಕೈ ಬಿಡುತ್ತದೆ. ಮಕ್ಕಳ ಕಣ್ಣು ಸೆಳೆಯುವ ಸಾಮಾನು, ಟಿವಿ ರಿಮೋಟ್, ಬಿಸ್ಕತ್ತಿನ ಡಬ್ಬಿ ಮೇಲೆ ಇಡಬೇಡಿ.

ತಿಂಗಳು ಕಳೆದ ಮೇಲೆ ಒಮ್ಮೆ, ಮೊದಲ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಬ್ರಾಕೆಟ್ ಸ್ಕ್ರೂಗಳನ್ನು ತಿರುಗಿಸಿ ನೋಡಿ. ಮರ ಹಿಗ್ಗಿ ಕುಗ್ಗಿದಾಗ ಕಾಲು ಸುತ್ತು ಸಡಿಲವಾಗುವುದು ಸಹಜ. ಬಾಡಿಗೆ ಮನೆಯವರು ತೂತಿನ ಚಿಂತೆಯಲ್ಲಿ ಇದನ್ನು ಬಿಡುವುದು ಬೇಡ. ಮನೆ ಖಾಲಿ ಮಾಡುವಾಗ ಪ್ಲಗ್ಗನ್ನು ಇಕ್ಕಳದಲ್ಲಿ ಎಳೆದು, ಗೋಡೆ ಪುಟ್ಟಿ ಎರಡು ಸಲ ತುಂಬಿ, ಒಣಗಿದ ಮೇಲೆ ಸ್ಯಾಂಡ್ ಪೇಪರ್ ಉಜ್ಜಿ ಬಣ್ಣ ತಾಗಿಸಿದರೆ ಗುರುತೂ ಉಳಿಯುವುದಿಲ್ಲ.